ತಗ್ಗಿನ ಥಂಡಿ, ದಿನ್ನೆಯ ನೀರು

ನಮ್ಮ ಹೊಲ ಬೀದರ್ ದಿನ್ನೆಯ ಅಂಚಿಗೆ ಹತ್ತಿಕೊಂಡೇ ಇದೆ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿ ಎರೆ. ಮೂರು ವರ್ಷದ ಹಿಂದೆ ಕೆಳಗಿನ ತಗ್ಗಿನಲ್ಲಿ ಪಪ್ಪಾಯಿ ಹಚ್ಚಿದೆ. ಡಿಸೆಂಬರಿನಲ್ಲಿ ಗಿಡ ಬೆಳೆಯೋದೇ ನಿಂತಿತು, ಎಲೆ ಹಳದಿಯಾದವು. ಬುಡದಲ್ಲಿ ನೀರು ನಿಂತಿರಬೇಕು ಅಂತ ಬಸಿಗಾಲುವೆ ತೋಡಿಸಿದೆ. ಪ್ರಯೋಜನ ಆಗಲಿಲ್ಲ. ಪಕ್ಕದ ಹೊಲದ ಕಾಕಾ ಬಂದು ನೋಡಿ, “ತಗ್ಗಿನಾಗ ಥಂಡಿ ಕೂಡ್ತದಪ್ಪಾ, ಇಲ್ಲಿ ಕಡಲಿ ಬಿತ್ತು” ಅಂದರು.

ನಾನು ನಂಬಲಿಲ್ಲ. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ತಾಪ ಇಳಿಯುತ್ತದೆ ಅಂತ ಓದಿದ್ದೆ. ಹಾಗಾದರೆ ಮೇಲೆಯೇ ಥಂಡಿ ಜಾಸ್ತಿ ಇರಬೇಕಲ್ವಾ?

ಮುಂದಿನ ಚಳಿಗಾಲಕ್ಕೆ ರಾತ್ರಿಯ ಕನಿಷ್ಠ ತಾಪ ತೋರಿಸುವ ಎರಡು ಥರ್ಮಾಮೀಟರ್ ತಂದೆ. ಮೂರು ದಿನ ಎರಡನ್ನೂ ಒಂದೇ ಕಡೆ ಇಟ್ಟು, ಎರಡೂ ಒಂದೇ ಲೆಕ್ಕ ಕೊಡುತ್ತವೆ ಅಂತ ಖಾತ್ರಿ ಮಾಡಿಕೊಂಡೆ. ಇದನ್ನು ಮಾತ್ರ ಬಿಡಬೇಡಿ. ಆಮೇಲೆ ಒಂದನ್ನು ದಿನ್ನೆಯ ಮೇಲೆ, ಇನ್ನೊಂದನ್ನು ತಗ್ಗಿನಲ್ಲಿ ತೂಗುಹಾಕಿದೆ. ಎರಡೂ ಎದೆಮಟ್ಟಕ್ಕೆ, ಬಿಳಿ ಬಣ್ಣ ಬಳಿದ ತೂತಿನ ಡಬ್ಬಿಯೊಳಗೆ.

ಮೊದಲ ಬೆಳಿಗ್ಗೆ ಮೇಲೆ 13, ಕೆಳಗೆ 9. ಮೋಡ ಮುಸುಕಿದ ರಾತ್ರಿ, ಗಾಳಿ ಬೀಸಿದ ರಾತ್ರಿ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಸಮ. ಕಾಕಾನ ಮಾತು ಆಗ ತಿಳಿಯಿತು. ಬಾನು ತಿಳಿಯಾದ ರಾತ್ರಿ ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಇಳಿಜಾರು ಹಿಡಿದು ನೀರಿನ ಹಾಗೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ನೀರಿನ ಕಥೆಯೂ ದಿನ್ನೆಯದೇ. ಜಂಬಿಟ್ಟಿಗೆ ತೂತುತೂತಿನ ಕಲ್ಲು, ಮಳೆ ನೀರನ್ನು ಕುಡಿಯುತ್ತದೆ. ಅಡಿಯ ಗಟ್ಟಿ ಕರಿಕಲ್ಲು ಸಿಕ್ಕಮೇಲೆ ನೀರು ಅಡ್ಡಕ್ಕೆ ಹರಿದು ಅಂಚಿನಲ್ಲಿ ಝರಿಯಾಗಿ ಬರುತ್ತದೆ. ಬೀದರಿನ ನರಸಿಂಹ ಝರಣಿ, ಪಾಪನಾಶ ದೇವಸ್ಥಾನಗಳ ಝರಿ ಎಲ್ಲ ಹೀಗೇ. ಪಶ್ಚಿಮ ಘಟ್ಟ ಮುಂಗಾರಿನ ಮೋಡ ತಡೆಯುವುದರಿಂದ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ನಮಗೆ ಸರಾಸರಿ ಸಾವಿರವೂ ಇಲ್ಲ. ಈ ಝರಿಗಳ ಬೆಲೆ ನಮಗೇ ಗೊತ್ತು.

ನಮ್ಮ ಅಂಚಿನಲ್ಲೂ ಒಂದು ಸಣ್ಣ ಒಸರು ಇದೆ. ಏಪ್ರಿಲ್‌ನಲ್ಲಿ ಸುತ್ತಲಿನ ಸೀತಾಫಲ ಒಣಗಿ ಬೋಳಾಗಿ ನಿಂತರೂ ಅಲ್ಲಿನ ಅತ್ತಿ, ನೇರಳೆ ಹಸಿರಾಗಿರುತ್ತವೆ. ಕೆಸರಿನ ಮೇಲೆ ನವಿಲಿನ ಮೂರು ಬೆರಳಿನ ಹೆಜ್ಜೆ, ಪಕ್ಕದಲ್ಲೇ ಮುಂಗುಸಿಯ ಸಣ್ಣ ಗುರುತು. ಅಲ್ಲಿ ಪೊದೆ ಕಡಿಯುವುದನ್ನು ಪೂರ್ತಿ ನಿಲ್ಲಿಸಿದ್ದೇನೆ.

ಪಪ್ಪಾಯಿ ಈಗ ಇಳಿಜಾರಿನ ನಡುವೆ ಇದೆ. ಅದರ ಕೆಳಗಿನ ಬೇಲಿಯಲ್ಲಿ ಅಲ್ಲಲ್ಲಿ ಸಂದಿ ಬಿಟ್ಟಿದ್ದೇನೆ, ತಣ್ಣನೆ ಗಾಳಿ ನಿಲ್ಲದೆ ಇಳಿದುಹೋಗಲಿ ಅಂತ. ತಗ್ಗಿನಲ್ಲಿ ಕಡಲೆ ಬಿತ್ತಿದ್ದೇನೆ.