ಬಾಡಿದ ಎಲೆ ಕಂಡ ಕೂಡಲೇ ನೀರು ಹಾಕಬೇಡಿ

ಹಾಲ್‌ನಲ್ಲಿಟ್ಟ ಪೀಸ್ ಲಿಲ್ಲಿಯ ಎಲೆಗಳೆಲ್ಲ ಕುಂಡದ ಅಂಚಿನಾಚೆ ಜೋತುಬಿದ್ದಿದ್ದರೆ ಕೈ ತಾನಾಗಿ ನೀರಿನ ಚೊಂಬಿಗೆ ಹೋಗುತ್ತದೆ. ಉಳಿಯಬಹುದಾಗಿದ್ದ ಎಷ್ಟೋ ಗಿಡಗಳು ಆ ಒಂದು ಚೊಂಬು ನೀರಿನಿಂದಲೇ ಸಾಯುತ್ತವೆ. ಆದ್ದರಿಂದ ಮೊದಲು ಕುಂಡವನ್ನು ಪರೀಕ್ಷಿಸಿ.

ಎಲೆ ನೆಟ್ಟಗೆ ನಿಲ್ಲುವುದು ಅದರ ಜೀವಕೋಶಗಳಲ್ಲಿ ತುಂಬಿರುವ ನೀರಿನ ಒತ್ತಡದಿಂದ. ಆವಿಯಾಗಿ ಹೋದಷ್ಟು ನೀರು ಬೇರಿನಿಂದ ಮೇಲೆ ಬರದಿದ್ದರೆ ಎಲೆ ಬಾಡುತ್ತದೆ. ಮಣ್ಣು ಒಣಗಿದಾಗ ಹೀಗಾಗುವುದು ಎಲ್ಲರಿಗೂ ಗೊತ್ತು. ಮಣ್ಣು ಕೆಸರಾಗಿದ್ದಾಗಲೂ ಹೀಗೇ ಆಗುತ್ತದೆ. ಮಣ್ಣಿನ ಸಂದಿಗಳಲ್ಲಿ ಗಾಳಿಯ ಬದಲು ನೀರೇ ನಿಂತರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಹಾಗೆ ಉಸಿರುಗಟ್ಟಿದ ಬೇರಿಗೆ ಪೈಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಬೇಗ ಹತ್ತುತ್ತವೆ. ಮಲೆನಾಡಿನವರಿಗೆ ಇದು ಹೊಸದಲ್ಲ, ಅಡಿಕೆಯ ಕೊಳೆ ಮತ್ತು ಮೆಣಸಿನ ಬಳ್ಳಿಯ ಸೊರಗು ಎರಡೂ ಫೈಟಾಫ್ತೊರಾದ್ದೇ ಕೆಲಸ. ಕೊಳೆತ ಬೇರು ಸುತ್ತ ನೀರಿದ್ದರೂ ಹೀರಲಾರದು.

ಪರೀಕ್ಷೆಗೆ ಒಣಗಿದ ಬಿದಿರು ಕಡ್ಡಿಯೊಂದು ಸಾಕು. ಕಾಂಡದಿಂದ ಎರಡು ಬೆರಳು ದೂರದಲ್ಲಿ ಕುಂಡದ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಾಗಿ, ಮಣ್ಣು ಅಂಟಿಕೊಂಡು ಬಂದರೆ ಒಳಗೆ ತೇವವಿದೆ. ಮೇಲ್ಮಣ್ಣನ್ನು ನೋಡಿ ತೀರ್ಮಾನಿಸಬೇಡಿ. ಫ್ಯಾನ್ ಗಾಳಿಗೆ ಮೇಲಿನ ಒಂದಿಂಚು ಒಂದೇ ದಿನದಲ್ಲಿ ಒಣಗುತ್ತದೆ, ತಳ ವಾರಗಟ್ಟಲೆ ಒದ್ದೆಯಾಗಿರುತ್ತದೆ. ಆಮೇಲೆ ಕುಂಡವನ್ನು ಎತ್ತಿ ತೂಕ ನೋಡಿ. ಚೆನ್ನಾಗಿ ನೀರು ಕುಡಿದ ದಿನ ಒಮ್ಮೆ ಎತ್ತಿ ಅಭ್ಯಾಸ ಮಾಡಿಕೊಂಡಿದ್ದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹೊರಗೆ ಅಲಂಕಾರದ ಸೆರಾಮಿಕ್ ಕುಂಡ ಇದ್ದರೆ ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಹೊರತೆಗೆದು ನೋಡಿ. ಅಡಿಯಲ್ಲಿ ಒಂದೆರಡು ಇಂಚು ನೀರು ನಿಂತಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಎಲೆಯನ್ನೂ ಮುಟ್ಟಿ ನೋಡಿ. ನೀರಿಲ್ಲದೆ ಬಾಡಿದ ಎಲೆ ತೆಳ್ಳಗಾಗಿ, ಅಂಚು ಗರಿಗರಿ ಎನ್ನುತ್ತದೆ; ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀರು ಹೆಚ್ಚಾಗಿ ಬಾಡಿದ್ದು ಮೆತ್ತಗೆ ಇಳಿಬಿದ್ದಿರುತ್ತದೆ, ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಾಂಡದ ಬುಡ ಒತ್ತಿದರೆ ಮೆತ್ತಗಿರುವುದು, ಮಣ್ಣಿನಿಂದ ಚರಂಡಿಯಂಥ ವಾಸನೆ ಬರುವುದು, ಕುಂಡ ಅಲುಗಿಸಿದರೆ ಸಣ್ಣ ಕಪ್ಪು ನೊಣ ಏಳುವುದು, ಇವೂ ಅದೇ ಕಡೆ ಬೊಟ್ಟು ಮಾಡುತ್ತವೆ.

ಒಣಗಿದ್ದರೆ ಪರಿಹಾರ ಸುಲಭ, ಆದರೆ ಮೇಲಿಂದ ಸುರಿಯಬೇಡಿ. ಪೂರ್ತಿ ಒಣಗಿ ಕುಗ್ಗಿದ ಮಣ್ಣು ನೀರನ್ನು ಬೇಗ ಹೀರಿಕೊಳ್ಳುವುದಿಲ್ಲ. ನೀರು ಗೋಡೆಯ ಸಂದಿಯಿಂದ ಇಳಿದು ತೂತಿನಿಂದ ಆಚೆ ಬರುತ್ತದೆ, ಗಿಡ ಕುಡಿಯಿತೆಂದು ನಾವು ಅಂದುಕೊಳ್ಳುತ್ತೇವೆ. ಬಕೆಟ್‌ನಲ್ಲಿ ಕುಂಡದ ಅರ್ಧದಷ್ಟು ನೀರು ತುಂಬಿ, ಕುಂಡವನ್ನು ಅದರೊಳಗೆ 30 ನಿಮಿಷ ಇಡಿ. ಮೇಲ್ಮಣ್ಣು ಒದ್ದೆಯಾದಾಗ ತೆಗೆದು, ನೀರು ಸೋರಿ ಹೋಗುವವರೆಗೆ ಬಿಡಿ. ಪೀಸ್ ಲಿಲ್ಲಿಯಾದರೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ.

ಒಳಗೆ ಒದ್ದೆಯಿದ್ದು ಗಿಡ ಬಾಡಿದ್ದರೆ ಕೆಲಸ ಹೆಚ್ಚು. ಬುಡ ಇನ್ನೂ ಗಟ್ಟಿಯಾಗಿದ್ದು ವಾಸನೆಯಿಲ್ಲದಿದ್ದರೆ ನೀರು ನಿಲ್ಲಿಸಿ, ಬೆಳಕು ಗಾಳಿ ಇರುವಲ್ಲಿಟ್ಟು ಮಣ್ಣು ಒಣಗಲು ಬಿಟ್ಟರೆ ಸಾಕಾಗಬಹುದು. ವಾಸನೆ ಬಂದರೆ ತಡಮಾಡದೆ ಗಿಡವನ್ನು ಹೊರತೆಗೆಯಿರಿ. ಹಳೆ ಮಣ್ಣನ್ನು ನಲ್ಲಿಯ ಕೆಳಗೆ ತೊಳೆದು ಬೇರು ನೋಡಿ: ಆರೋಗ್ಯದ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದಾಗಿ, ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ನಡುವಿನ ದಾರ ಮಾತ್ರ ಕೈಯಲ್ಲಿ ಉಳಿಯುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಅಂಥದ್ದನ್ನೆಲ್ಲ ಆರೋಗ್ಯದ ಭಾಗದವರೆಗೆ ಕತ್ತರಿಸಿ. ಅರ್ಧ ಬೇರು ಹೋಯಿತೆಂದರೆ ಎಲೆಗಳಲ್ಲೂ ಮೂರನೇ ಒಂದು ಭಾಗ ತೆಗೆಯಿರಿ, ಉಳಿದ ಬೇರಿಗೆ ಅಷ್ಟು ಎಲೆಗಳನ್ನು ಸಾಕಲಾಗದು.

ಹೊಸ ಮಿಶ್ರಣಕ್ಕೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳು ಮೂರು ಪಾಲು, ಎರೆಗೊಬ್ಬರ ಎರಡು ಪಾಲು ಸಾಕು. ಕುಂಡ ಉಳಿದ ಬೇರಿಗಿಂತ ಒಂದೆರಡು ಇಂಚು ಮಾತ್ರ ಅಗಲವಿರಲಿ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒಣಗದೆ ಮತ್ತೆ ಕೊಳೆ ಶುರುವಾಗುತ್ತದೆ. ತಳಕ್ಕೆ ಜಲ್ಲಿ ಹಾಕುವ ರೂಢಿ ಬಿಟ್ಟುಬಿಡಿ. ಸಣ್ಣ ಕಣದ ಮಿಶ್ರಣದಿಂದ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ, ಬೇರಿಗೆ ಇನ್ನಷ್ಟು ಹತ್ತಿರದಲ್ಲಿ ನಿಲ್ಲುತ್ತದೆ. ಮುಂದಿನ ಆರು ವಾರ ಗೊಬ್ಬರ ಬೇಡ.

ನಮ್ಮ ನರ್ಸರಿಗಳಿಂದ ತಂದ ಗಿಡದಲ್ಲಿ ಇನ್ನೊಂದು ತೊಂದರೆ ಪದೇ ಪದೇ ಕಾಣುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬೇರಿನ ಸುತ್ತ ಇರುವುದು ಕೆಮ್ಮಣ್ಣಿನ ಹೆಂಟೆ. ಅದನ್ನು ಬಿಡಿಸದೆ ಹಾಗೇ ಕೋಕೋಪೀಟ್ ಮಿಶ್ರಣದ ನಡುವೆ ನೆಟ್ಟರೆ, ಒಮ್ಮೆ ಒಣಗಿದ ಹೆಂಟೆ ಇಟ್ಟಿಗೆಯಂತಾಗುತ್ತದೆ. ಹಾಕಿದ ನೀರು ಸುತ್ತಲಿನ ಹಗುರ ಮಿಶ್ರಣದಲ್ಲೇ ಇಳಿದುಹೋಗುತ್ತದೆ. ಅಂಚಿನಲ್ಲಿ ಚುಚ್ಚಿದ ಕಡ್ಡಿ ಒದ್ದೆ ತೋರಿಸುತ್ತದೆ, ನಡುವೆ ಬೇರು ಬಾಯಾರಿರುತ್ತದೆ. ಅದಕ್ಕೇ ಕಡ್ಡಿಯನ್ನು ಕಾಂಡದ ಹತ್ತಿರ ಚುಚ್ಚಲು ಹೇಳಿದ್ದು. ಇಂಥ ಗಿಡವನ್ನು ತೆಗೆದು, ಹೆಂಟೆಯನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಬೆರಳಿಂದ ಹೊರಗಿನ ಅರ್ಧ ಮಣ್ಣನ್ನು ಬಿಡಿಸಿ ಮತ್ತೆ ನೆಡಿ.

ತೇವ ಹದವಾಗಿದ್ದು, ಬೇರೂ ಚೆನ್ನಾಗಿದ್ದು ಗಿಡ ಬಾಡಿದರೆ ಮಣ್ಣಿನಲ್ಲಿ ಸೇರಿಕೊಂಡ ಉಪ್ಪನ್ನು ಸಂಶಯಿಸಿ. ಎಲೆಯ ತುದಿ ಕಂದಾಗಿ ಸುಟ್ಟಿರುತ್ತದೆ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ರಸಗೊಬ್ಬರ ಜಾಸ್ತಿಯಾದರೆ ಹೀಗೆ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರಿನಿಂದಲೂ ಆಗುತ್ತದೆ, ಏಕೆಂದರೆ ಅದು ಗಡಸು ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕುಂಡಕ್ಕೆ ಹಾಕುವುದೂ ಒಳ್ಳೆಯದಲ್ಲ, ಫಿಲ್ಟರ್ ತಡೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಬಿಳಿ ಪುಡಿ ಕೆರೆದು ತೆಗೆದು, ಐದು ಲೀಟರ್ ಕುಂಡಕ್ಕೆ ಹದಿನೈದು ಲೀಟರ್ ಮಳೆನೀರು ಅಥವಾ ಕಾವೇರಿ ನೀರನ್ನು ನಿಧಾನವಾಗಿ ಹಾಯಿಸಿ, ಪೂರ್ತಿ ಸೋರಲು ಬಿಡಿ. ಮುಂದೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ರಸಗೊಬ್ಬರ) ಹಾಕುವುದಿದ್ದರೆ ಲೀಟರಿಗೆ ಒಂದು ಗ್ರಾಂ ದಾಟದಿರಲಿ, ಅದೂ ಒದ್ದೆ ಮಣ್ಣಿಗೆ ಮಾತ್ರ.

ಎಸಿಯ ತಣ್ಣನೆ ಗಾಳಿ ನೇರ ಬೀಳುವ ಜಾಗ, ಮಧ್ಯಾಹ್ನದ ಬಿಸಿಲು ಬರುವ ಕಿಟಕಿ, ಈಚೆಗೆ ಕುಂಡ ಬದಲಿಸಿದ್ದು, ಇವೂ ಕಾರಣಗಳು. ಜಾಗ ಬದಲಿಸಿ ಒಂದೆರಡು ವಾರ ಬಿಡಿ. ಎಲೆಯ ಅಡಿಭಾಗ, ತೊಟ್ಟಿನ ಸಂದಿಗಳಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಅಥವಾ ಸಣ್ಣ ಬಲೆ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಪಾತ್ರೆ ತೊಳೆಯುವ ದ್ರವ ಕಲಕಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಮೊದಲು ಒಂದು ಎಲೆಗೆ ಹಾಕಿ ಮರುದಿನ ನೋಡಿಕೊಳ್ಳಿ.

ಬೇರು ಕತ್ತರಿಸಿ ನೆಟ್ಟ ಗಿಡ ಎರಡು ಮೂರು ವಾರ ಹಾಗೇ ನಿಂತಿರುತ್ತದೆ. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡುತ್ತಾ ಕೂರಬೇಡಿ, ಕತ್ತರಿಸಿಬಿಡಿ. ನಡುವಿನ ಸುಳಿಯನ್ನು ಗಮನಿಸಿ. ಅಲ್ಲಿ ಸುರುಳಿ ಸುತ್ತಿದ ಎಳೆ ಎಲೆ ಹೊರಟರೆ ಬೇರು ಕೆಲಸ ಶುರುಮಾಡಿದೆ.