ದೊಡ್ಡ ಅಪ್‌ಡೇಟ್ ಬಂದಾಗ ಬೆರಳು ಎಲ್ಲಿಡಬೇಕು?

ಲಾಗಿನ್ ಆಗುತ್ತೀರಿ. ನಿಮ್ಮ ಪಾತ್ರ ಬಿಟ್ಟ ಜಾಗದಲ್ಲೇ ನಿಂತಿದೆ. ಆದರೆ ಕೆಳಗಿನ ಬಟನ್ ಸಾಲಿನಲ್ಲಿ ಮೂರು ಮನೆ ಖಾಲಿ. ಮ್ಯಾಕ್ರೋ (ಹಲವು ಆದೇಶಗಳನ್ನು ಒಂದೇ ಬಟನ್‌ಗೆ ಕಟ್ಟಿದ್ದು) ಇದ್ದ ಕಡೆ ಕೆಂಪು ಪ್ರಶ್ನೆ ಚಿಹ್ನೆ. ಹೆಲ್ತ್ ಎಷ್ಟೋ ಪಟ್ಟು ಇಳಿದಿದೆ. ಪರದೆಯ ನಡುವೆ ಒಂದರ ಮೇಲೊಂದು ಎರರ್ ಸಂದೇಶ. ವರ್ಷಗಟ್ಟಲೆ ಆಡಿದ ಆಟ. ಆದರೂ ಯಾರದೋ ಮನೆಗೆ ಹೊಕ್ಕ ಹಾಗೆ ಆಗುತ್ತದೆ, ಅಲ್ವಾ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವವರಿಗೆ ಇದು ಎರಡು ವರ್ಷಕ್ಕೊಮ್ಮೆ ಬರುವ ಹಬ್ಬವೂ ಹೌದು, ತಲೆನೋವೂ ಹೌದು. 2004ರ ನವೆಂಬರ್‌ನಲ್ಲಿ ಶುರುವಾದ ಆಟ ಇದು. ಇದರ ಹನ್ನೊಂದನೇ ಎಕ್ಸ್‌ಪಾನ್ಶನ್ (ಆಟಕ್ಕೆ ಸೇರುವ ದೊಡ್ಡ ಹೊಸ ಭಾಗ) ‘ಮಿಡ್‌ನೈಟ್’ 2026ರ ಮಾರ್ಚ್ 2ರಂದು ಬಂತು. ಅದಕ್ಕೂ ಮೊದಲು ಜನವರಿಯಲ್ಲೇ ತಯಾರಿಯ ಪ್ಯಾಚ್ (ಆಟವನ್ನು ತಿದ್ದುವ ಅಪ್‌ಡೇಟ್) ಬಂದಿತ್ತು. ನಿಜವಾದ ಅಲುಗಾಟ ಆಗುವುದು ಈ ತಯಾರಿ ಪ್ಯಾಚ್‌ನಲ್ಲೇ. ಹೊಸ ಊರು, ಹೊಸ ಕಥೆ ಇನ್ನೂ ಬಂದಿರುವುದಿಲ್ಲ. ಆದರೆ ಆಡುವ ರೀತಿ ಪೂರ್ತಿ ಬದಲಾಗಿರುತ್ತದೆ.

ಪ್ರತಿ ಸಲವೂ ಒಬ್ಬಿಬ್ಬರು ಗೆಳೆಯರು ಮೂರೇ ದಿನಕ್ಕೆ ಆಟ ಬಿಟ್ಟು ಹೋಗುವುದನ್ನು ನೋಡಿದ್ದೇನೆ. ಆಟ ಕೆಟ್ಟಿತು ಎಂದು ಹೇಳಿ ಹೋಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದೇ ರಾತ್ರಿ ಎಲ್ಲ ಕಲಿಯಲು ಹೊರಟು ಸುಸ್ತಾಗಿ ಹೋದರು, ಅಷ್ಟೇ. ಹೊಸ ನಿಯಮವನ್ನು ತಲೆ ಬೇಗ ಹಿಡಿಯುತ್ತದೆ, ಬೆರಳು ನಿಧಾನ. ಕೆಳಗಿನ ಕ್ರಮ ಬೆರಳಿಗಾಗಿ.

ಹಿಂದಿನ ದಿನ: ಕಾಪಿ ಇಟ್ಟುಕೊಳ್ಳಿ

ಪ್ಯಾಚ್‌ಗೆ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಿ. ಆಟ ಇನ್‌ಸ್ಟಾಲ್ ಆಗಿರುವ ಜಾಗದಲ್ಲಿ ‘ರಿಟೇಲ್’ ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ‘ಇಂಟರ್‌ಫೇಸ್’ ಮತ್ತು ‘ಡಬ್ಲ್ಯೂಟಿಎಫ್’ ಎಂಬ ಇನ್ನೆರಡು. ಮೊದಲನೆಯದರಲ್ಲಿ ನಿಮ್ಮ ಆಡ್‌ಆನ್‌ಗಳು (ಆಟಕ್ಕೆ ಬೇರೆಯವರು ಮಾಡಿದ ಸಣ್ಣ ಸೇರ್ಪಡೆ ಪ್ರೋಗ್ರಾಂಗಳು), ಎರಡನೆಯದರಲ್ಲಿ ಅವುಗಳ ಸೆಟ್ಟಿಂಗ್‌ಗಳು. ಎರಡನ್ನೂ ಬೇರೆ ಕಡೆ ಕಾಪಿ ಮಾಡಿ, ತಾರೀಖು ಬರೆದಿಡಿ.

2022ರ ಅಕ್ಟೋಬರ್‌ನಲ್ಲಿ ‘ಡ್ರ್ಯಾಗನ್‌ಫ್ಲೈಟ್’ ಎಕ್ಸ್‌ಪಾನ್ಶನ್‌ನ ತಯಾರಿ ಪ್ಯಾಚ್ ಬಂದಾಗ ನಾನು ಇದನ್ನು ಮಾಡಿರಲಿಲ್ಲ. ಎರರ್ ನಿಲ್ಲಲಿ ಎಂದು ಅವಸರದಲ್ಲಿ ಡಬ್ಲ್ಯೂಟಿಎಫ್ ಫೋಲ್ಡರನ್ನೇ ಅಳಿಸಿದೆ. ನಾನು ಹೀಲರ್ (ತಂಡದವರ ಗಾಯ ವಾಸಿ ಮಾಡುವ ಪಾತ್ರ), ರೆಸ್ಟೋರೇಶನ್ ಡ್ರೂಯಿಡ್. ಯಾರ ಜೀವ ಎಷ್ಟಿದೆ ಎಂದು ತೋರಿಸುವ ಚೌಕಗಳು, ಅವುಗಳ ಬಣ್ಣ, ಅಪಾಯ ಬಂದಾಗ ಆಗುವ ಸದ್ದು, ಎಲ್ಲವನ್ನೂ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊಂದಿಸಿಕೊಂಡಿದ್ದೆ. ಎಲ್ಲ ಹೋಯಿತು. ಆ ಬೇಜಾರು ಇನ್ನೂ ನೆನಪಿದೆ. ಹಾಗಾಗಿ ಹೇಳುತ್ತೇನೆ, ಕಾಪಿ ಇಲ್ಲದೆ ಏನನ್ನೂ ಅಳಿಸಬೇಡಿ.

ಬಟನ್ ಸಾಲುಗಳ ಒಂದು ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ. ಮುಂದೆ ಅದೇ ನಿಮ್ಮ ನಕ್ಷೆ. ಸೀಸನ್ ಮುಗಿದರೆ ಬೆಲೆ ಕಳೆದುಕೊಳ್ಳುವ ನಾಣ್ಯಗಳಿದ್ದರೆ ಖರ್ಚು ಮಾಡಿ. ಆಟದೊಳಗಿನ ಅಂಚೆಪೆಟ್ಟಿಗೆಯನ್ನೂ ನೋಡಿ. ಹರಾಜುಮನೆಯಿಂದ ಬಂದ ಅಂಚೆ 30 ದಿನಕ್ಕೆ ಅಳಿಸಿ ಹೋಗುತ್ತದೆ. ಅದರೊಳಗಿನ ಚಿನ್ನವೂ ಜೊತೆಗೇ ಹೋಗುತ್ತದೆ.

ಪ್ಯಾಚ್ ದಿನ: ಅವಸರ ಬೇಡ

ಅಮೆರಿಕದ ಸರ್ವರ್‌ಗಳಲ್ಲಿ ವಾರದ ರೀಸೆಟ್ (ವಾರದ ಸವಾಲು, ಬಹುಮಾನಗಳು ಹೊಸದಾಗಿ ಶುರುವಾಗುವುದು) ಆಗುವುದು ಮಂಗಳವಾರ. ನಮ್ಮ ಗಡಿಯಾರದಲ್ಲಿ ರಾತ್ರಿ 8.30. ದೊಡ್ಡ ಪ್ಯಾಚ್ ಇದ್ದರೆ ಆ ರಾತ್ರಿ ಸರ್ವರ್ ಗಂಟೆಗಟ್ಟಲೆ ಮುಚ್ಚಿರುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಬೆಳಗಿನ ಜಾವದ ತನಕ ಕಾಯುವುದರಲ್ಲಿ ಅರ್ಥವಿಲ್ಲ. ಡೌನ್‌ಲೋಡ್ ಹಾಕಿ ಮಲಗಿ. ಮೊದಲ ದಿನ ಎಲ್ಲರೂ ಒಂದೇ ಊರಲ್ಲಿ ಸೇರಿರುತ್ತಾರೆ, ಆಟ ತಡವರಿಸುತ್ತದೆ. ಮೊದಲೇ ನಮಗೆ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಜಾಸ್ತಿ. ಅಮೆರಿಕದ ಸರ್ವರ್ ಆದರೆ 200 ಮಿಲಿಸೆಕೆಂಡ್ ದಾಟುವುದು ಮಾಮೂಲು. ಬುಧವಾರ ಸಂಜೆ ಆರಾಮಾಗಿ ಶುರು ಮಾಡಿ.

ಆಡ್‌ಆನ್ ಎಲ್ಲ ಆಫ್

ಪಾತ್ರ ಆರಿಸುವ ಪರದೆಯಲ್ಲೇ ಆಡ್‌ಆನ್ ಪಟ್ಟಿ ತೆಗೆದು ಎಲ್ಲವನ್ನೂ ಆಫ್ ಮಾಡಿ. ಹಳೆಯ ಆವೃತ್ತಿಯ ಆಡ್‌ಆನ್‌ಗಳನ್ನು ಬಲವಂತವಾಗಿ ಓಡಿಸುವ ಆಯ್ಕೆಯೊಂದು ಅಲ್ಲೇ ಇದೆ. ಮೊದಲ ವಾರ ಅದನ್ನು ಮುಟ್ಟಬೇಡಿ. ಆಮೇಲೂ ಎರರ್ ಬಂದರೆ ಆಟ ಮುಚ್ಚಿ, ಇಂಟರ್‌ಫೇಸ್, ಡಬ್ಲ್ಯೂಟಿಎಫ್, ಕ್ಯಾಶ್, ಈ ಮೂರು ಫೋಲ್ಡರ್‌ಗಳ ಹೆಸರು ಬದಲಾಯಿಸಿ. ಹೆಸರಿನ ಕೊನೆಗೆ ‘ಹಳೆಯದು’ ಅಂತ ಸೇರಿಸಿದರೂ ಸಾಕು. ಮತ್ತೆ ತೆರೆದಾಗ ಆಟವೇ ಹೊಸ ಫೋಲ್ಡರ್ ಮಾಡಿಕೊಳ್ಳುತ್ತದೆ.

ಮಿಡ್‌ನೈಟ್‌ನಲ್ಲಿ ಈ ಹೆಜ್ಜೆಯ ತೂಕ ಜಾಸ್ತಿ. ಇಷ್ಟು ದಿನ ಯುದ್ಧದ ಒಳಗಿನ ಮಾಹಿತಿಯನ್ನೆಲ್ಲ ಆಡ್‌ಆನ್‌ಗಳು ಓದುತ್ತಿದ್ದವು. ಯಾರ ಮೇಲೆ ಯಾವ ಶಾಪ ಬಿದ್ದಿದೆ, ಯಾವ ಮಂತ್ರ ಯಾವಾಗ ಮತ್ತೆ ಸಿಗುತ್ತದೆ ಎಂದು ಲೆಕ್ಕ ಹಾಕಿ ‘ಈಗ ಓಡು’, ‘ಈಗ ಇದನ್ನು ಒತ್ತು’ ಎಂದು ಹೇಳಿಬಿಡುತ್ತಿದ್ದವು. ಈಗ ಆಟ ಆ ಮಾಹಿತಿಯನ್ನು ಅಂಟಿಸಿದ ಲಕೋಟೆಯಲ್ಲಿಟ್ಟು ಕೊಡುತ್ತದೆ. ಆಡ್‌ಆನ್ ಅದನ್ನು ಪರದೆಗೆ ತಲುಪಿಸಬಹುದು, ಒಡೆದು ಓದುವಂತಿಲ್ಲ. ಬಹಳ ಜನ ನಂಬಿಕೊಂಡಿದ್ದ ‘ವೀಕ್‌ಆರಾಸ್’ ಆಡ್‌ಆನ್ ತಯಾರಿಸುವ ತಂಡ ಮಿಡ್‌ನೈಟ್‌ಗೆ ಅದನ್ನು ತರುವುದಿಲ್ಲ ಎಂದು ಹೇಳಿಬಿಟ್ಟಿತು. ಬದಲಿಗೆ ಬಾಸ್‌ನ (ದೊಡ್ಡ ಎದುರಾಳಿಯ) ದಾಳಿಗೆ ಮುನ್ಸೂಚನೆ, ಯಾರ ಏಟು ಎಷ್ಟು ಎಂದು ತೋರಿಸುವ ಡ್ಯಾಮೇಜ್ ಮೀಟರ್, ಮಂತ್ರ ಮತ್ತೆ ಯಾವಾಗ ಸಿಗುತ್ತದೆ ಎಂದು ತೋರಿಸುವ ಕೂಲ್‌ಡೌನ್ ಮ್ಯಾನೇಜರ್ ಇವನ್ನೆಲ್ಲ ಆಟವೇ ಕೊಡುತ್ತಿದೆ.

ಇದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ನಡೆದಿದೆ. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಬಾಸ್ ಕೈ ಎತ್ತುವುದನ್ನು ನೋಡಿ ಪಕ್ಕಕ್ಕೆ ಸರಿಯುವುದನ್ನು ನಾನು ಮರೆತೇ ಹೋಗಿದ್ದೆ. ಸದ್ದಿಗೆ ಮಾತ್ರ ಓಡುತ್ತಿದ್ದೆ. ಈಗ ಮತ್ತೆ ಪರದೆಯ ನಡುವೆ ಕಣ್ಣಿಟ್ಟು ಆಡುತ್ತಿದ್ದೇನೆ.

ಅಂಕಿ ಇಳಿದಿದ್ದಕ್ಕೆ ಗಾಬರಿ ಬೇಡ

ಪ್ರತಿ ಎಕ್ಸ್‌ಪಾನ್ಶನ್‌ನಲ್ಲೂ ಆಯುಧಗಳ ಅಂಕಿ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಓದಲೂ ಆಗದಷ್ಟು ದೊಡ್ಡದಾಗುತ್ತದೆ. ಆಗ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸುತ್ತಾರೆ. 2014ರಲ್ಲಿ ಹೀಗೆ ಮಾಡಿದ್ದರು. 2020ರ ಅಕ್ಟೋಬರ್‌ನಲ್ಲಂತೂ 120ನೇ ಲೆವೆಲ್‌ನಲ್ಲಿ ಇದ್ದವರು ಬೆಳಗಾಗುವುದರಲ್ಲಿ 50ಕ್ಕೆ ಬಂದಿದ್ದರು. ಮಿಡ್‌ನೈಟ್‌ನಲ್ಲಿ ಮತ್ತೆ ಐಟಂ ಲೆವೆಲ್ (ಆಯುಧ, ಕವಚಗಳ ಬಲದ ಅಂಕಿ) ಕುಗ್ಗಿದೆ. ನಿಮ್ಮ ಶಕ್ತಿ ಕಮ್ಮಿಯಾಗಿಲ್ಲ, ಎದುರಾಳಿಯ ಅಂಕಿಯೂ ಜೊತೆಗೇ ಇಳಿದಿದೆ. ಅನುಮಾನ ಇದ್ದರೆ ದಿನಾ ಹೊಡೆಯುತ್ತಿದ್ದ ಒಂದು ಸಾಮಾನ್ಯ ಪ್ರಾಣಿಯನ್ನೇ ಹೊಡೆದು ನೋಡಿ. ಸಾಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಎಣಿಸಿ. ಅಂಕಿಗಿಂತ ಆ ಸೆಕೆಂಡೇ ಸರಿಯಾದ ಲೆಕ್ಕ.

ಟ್ಯಾಲೆಂಟ್: ಸದ್ಯಕ್ಕೆ ರೆಡಿಮೇಡ್ ಸಾಕು

‘ಎನ್’ ಕೀ ಒತ್ತಿದರೆ ಟ್ಯಾಲೆಂಟ್ ಮರ, ಅಂದರೆ ಪಾಯಿಂಟ್ ಇಟ್ಟು ಪಾತ್ರದ ಶಕ್ತಿಗಳನ್ನು ಆರಿಸುವ ಪರದೆ, ತೆರೆಯುತ್ತದೆ. ದೊಡ್ಡ ಪ್ಯಾಚ್ ಬಂದಾಗ ಇದು ಬೋಳಾಗಿರುತ್ತದೆ, ಎಲ್ಲ ಪಾಯಿಂಟ್ ವಾಪಸ್ ಬಂದಿರುತ್ತದೆ. ಲೋಡ್‌ಔಟ್ (ಉಳಿಸಿಟ್ಟ ಆಯ್ಕೆಗಳ) ಪಟ್ಟಿಯಲ್ಲಿ ‘ಸ್ಟಾರ್ಟರ್ ಬಿಲ್ಡ್’ ಆರಿಸಿ. ಎಲ್ಲಿ ಪಾಯಿಂಟ್ ಇಡಬೇಕು ಎಂದು ಆಟವೇ ತೋರಿಸುತ್ತದೆ. ವಿಶ್ವದ ಮೊದಲ ಸಾಲಿನ ಆಟಗಾರರ ಬಿಲ್ಡ್ ಕೋಡ್ (ಅವರ ಟ್ಯಾಲೆಂಟ್ ಆಯ್ಕೆಗಳ ಕೋಡ್) ತಂದು ಅಂಟಿಸುವ ಆಸೆ ಬರುತ್ತದೆ. ಅವರು ಇಪ್ಪತ್ತು ಜನರ ತಂಡಕ್ಕೆ, ಒಂದು ನಿರ್ದಿಷ್ಟ ಬಾಸ್‌ಗೆ ಅಂತ ಮಾಡಿದ್ದು ಅದು. ನಿಮಗೆ ಈಗ ಬೇಕಿರುವುದು ಕಡಿಮೆ ಬಟನ್.

ಟ್ಯಾಲೆಂಟ್‌ನ ಇನ್ನೊಂದು ಭಾಗವಾದ ಹೀರೋ ಟ್ಯಾಲೆಂಟ್‌ನಲ್ಲಿ ಪ್ರತಿ ಸ್ಪೆಕ್‌ಗೂ (ಪಾತ್ರದ ವಿಶೇಷ ಬಗೆಗೂ) ಎರಡು ದಾರಿ ಇವೆ. ರೆಸ್ಟೋರೇಶನ್ ಡ್ರೂಯಿಡ್‌ಗಾದರೆ ‘ಕೀಪರ್ ಆಫ್ ದ ಗ್ರೋವ್’ ಮತ್ತು ‘ವೈಲ್ಡ್‌ಸ್ಟಾಕರ್’. ಒಂದನ್ನು ಹಿಡಿದು ಒಂದು ವಾರ ಆಡಿ. ಯುದ್ಧ ಇಲ್ಲದಾಗ ಯಾವಾಗ ಬೇಕಾದರೂ ಬದಲಾಯಿಸಬಹುದು, ಖರ್ಚೂ ಇಲ್ಲ.

ಬಟನ್ ಸಾಲು: ಇಲ್ಲಿ ಸಮಯ ಕೊಡಿ

ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಶಿಫ್ಟ್ ಹಿಡಿದು ಎಳೆದು, ಸಾಲಿನ ಎಲ್ಲ ಬಟನ್‌ಗಳನ್ನೂ ತೆಗೆದುಹಾಕಿ. ಹೌದು, ಎಲ್ಲವನ್ನೂ. ಖಾಲಿ ಸಾಲು ನೋಡಿ ಎದೆ ಧಸಕ್ ಅನ್ನಬಹುದು. ನಿಮ್ಮ ಹತ್ತಿರ ಸ್ಕ್ರೀನ್‌ಶಾಟ್ ಇದೆ.

ಈಗ ಒಂದು ಹಾಳೆಯ ಮೇಲೆ ಮಂತ್ರಗಳ ಹೆಸರಿನ ಬದಲು ಕೆಲಸಗಳನ್ನು ಬರೆಯಿರಿ. ಸಣ್ಣ ಗಾಯಕ್ಕೆ ಮದ್ದು. ದೊಡ್ಡ ಗಾಯಕ್ಕೆ ಮದ್ದು. ಎಲ್ಲರಿಗೂ ಒಟ್ಟಿಗೆ ಮದ್ದು. ನನ್ನ ಜೀವ ಉಳಿಸುವುದು. ಓಡುವುದು. ಶಾಪ ತೆಗೆಯುವುದು. ಪ್ರತಿ ಕೆಲಸದ ಮುಂದೆ ಹಿಂದೆ ಯಾವ ಕೀ ಒತ್ತುತ್ತಿದ್ದಿರಿ ಎಂದು ಬರೆಯಿರಿ. ಆಮೇಲೆ ಹೊಸ ಮಂತ್ರಗಳನ್ನು ಓದುತ್ತಾ ಹೋಗಿ. ಯಾವುದು ಯಾವ ಕೆಲಸ ಮಾಡುತ್ತದೋ ಅದನ್ನು ಆ ಕೀ ಮೇಲೆ ಇಡಿ.

ಉದಾಹರಣೆಗೆ ನನ್ನ ಎಡಗೈ ತೋರುಬೆರಳು ‘ಎಫ್’ ಕೀ ಮೇಲೆ ಹೋಗುವುದು ಯಾರಾದರೂ ಸಾಯುವ ಹಾಗಿದ್ದಾಗ ಮಾತ್ರ. ಅಲ್ಲಿ ಇರುವುದು ಸ್ವಿಫ್ಟ್‌ಮೆಂಡ್. ನಾಳೆ ಆ ಮಂತ್ರ ಹೋಗಿ ಇನ್ನೊಂದು ಬಂದರೂ ಅದು ‘ಎಫ್’ ಮೇಲೇ ಕೂರಬೇಕು. ಬೆರಳಿಗೆ ಮಂತ್ರದ ಹೆಸರು ಗೊತ್ತಿಲ್ಲ, ‘ಅಯ್ಯೋ, ಸಾಯ್ತಾನೆ’ ಅನ್ನುವುದು ಮಾತ್ರ ಗೊತ್ತು.

ಮೊದಲ ದಿನ ನಾಲ್ಕೇ ಬಟನ್ ಇಡಿ. ನೋಡದೆ ಒತ್ತಲು ಬಂದ ಮೇಲೆ ಐದನೆಯದು. ಡ್ಯಾಮೇಜ್ ಮಾಡುವವರಿಗೆ 2025ರಲ್ಲಿ ಬಂದ ‘ಅಸಿಸ್ಟೆಡ್ ಹೈಲೈಟ್’ ತುಂಬ ಸಹಾಯ ಮಾಡುತ್ತದೆ. ಮುಂದೆ ಯಾವ ಬಟನ್ ಒತ್ತಬೇಕೋ ಅದು ಹೊಳೆಯುತ್ತದೆ. ಅದರ ಜೊತೆ ಬಂದ, ಒಂದೇ ಬಟನ್ ಒತ್ತುತ್ತಾ ಆಡುವ ಸೌಲಭ್ಯವೂ ಇದೆ. ಕೈ ನೋವು ಇರುವವರಿಗೆ, ಹತ್ತು ಕೀ ತಲುಪಲಾಗದವರಿಗೆ ಅದೊಂದು ವರ. ಆದರೆ ಜೀವ ಉಳಿಸಿಕೊಳ್ಳುವುದನ್ನು, ಎದುರಾಳಿಯ ಮಂತ್ರ ತಡೆಯುವುದನ್ನು ಅದು ಹೇಳಿಕೊಡುವುದಿಲ್ಲ. ಅವೆರಡನ್ನೂ ನೀವೇ ಕಲಿಯಬೇಕು.

ಪಿಂಗ್ ಜಾಸ್ತಿ ಇರುವ ನಮ್ಮಂಥವರಿಗೆ ಇನ್ನೊಂದು ಮಾತು. ಒಂದು ಮಂತ್ರ ಮುಗಿಯಲು ಇನ್ನೂ 400 ಮಿಲಿಸೆಕೆಂಡ್ ಇರುವಾಗಲೇ ಮುಂದಿನದನ್ನು ಒತ್ತಿದರೂ ಆಟ ಅದನ್ನು ಕ್ಯೂನಲ್ಲಿ ಇಟ್ಟುಕೊಳ್ಳುತ್ತದೆ. ಸುಮ್ನೆ ಟಪಟಪ ಅಂತ ಕೀ ಕುಟ್ಟಬೇಕಿಲ್ಲ. ಸ್ವಲ್ಪ ಮುಂಚೆ ಒಂದೇ ಸಲ ಒತ್ತಿ. ತಾಳ ತಾನಾಗೇ ಕೂರುತ್ತದೆ.

ಪರದೆಯ ಮೇಲೆ ಯಾವುದು ಎಲ್ಲಿರಬೇಕು ಎಂಬುದನ್ನು ಎಸ್ಕೇಪ್ ಮೆನುವಿನ ‘ಎಡಿಟ್ ಮೋಡ್’ನಲ್ಲಿ ಎಳೆದು ಇಟ್ಟುಕೊಳ್ಳಿ. ಇದಕ್ಕೆ ಹೆಚ್ಚು ಹೊತ್ತು ಬೇಡ.

ಅಭ್ಯಾಸ: ಗೊಂಬೆ, ಆಮೇಲೆ ಗ್ಯಾರಿಕ್

ದೊಡ್ಡ ಊರುಗಳಲ್ಲಿ ಹೊಡೆದು ಅಭ್ಯಾಸ ಮಾಡುವ ಗೊಂಬೆಗಳಿವೆ. ದಿನಕ್ಕೆ ಹತ್ತು ನಿಮಿಷ ಅಲ್ಲಿ ನಿಲ್ಲಿ. ಬಟನ್ ಸಾಲಿನ ಕಡೆ ನೋಡದೆ ಗೊಂಬೆಯನ್ನೇ ನೋಡುತ್ತಾ ಒತ್ತಿ. ಎಲ್ಲಿ ತಡವರಿಸುತ್ತೀರಿ ಎಂಬುದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಫಾಲೋವರ್ ಡಂಜನ್. ಡಂಜನ್ ಅಂದರೆ ಐವರ ತಂಡ ಒಳಹೊಕ್ಕು ಶತ್ರುಗಳನ್ನು ಎದುರಿಸುವ ಜಾಗ. 2024ರ ಜನವರಿಯಲ್ಲಿ ಬಂದ ಈ ವ್ಯವಸ್ಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನೀವೊಬ್ಬರು, ಉಳಿದ ನಾಲ್ವರನ್ನು ಕಂಪ್ಯೂಟರ್ ಆಡಿಸುತ್ತದೆ. ಬೈಯುವವರಿಲ್ಲ, ಅವಸರ ಮಾಡುವವರಿಲ್ಲ. ಟ್ಯಾಂಕ್ ಆಗಿ, ಅಂದರೆ ಶತ್ರುಗಳ ಏಟನ್ನು ತನ್ನ ಮೇಲೆ ಎಳೆದುಕೊಳ್ಳಲು, ಬರುವವಳು ಕ್ಯಾಪ್ಟನ್ ಗ್ಯಾರಿಕ್. ಹೊಸ ಬಟನ್‌ಗಳ ಜೊತೆ ನನ್ನ ಮೊದಲ ಸಂಜೆ ಅವಳ ಹಿಂದೆಯೇ ಕಳೆಯಿತು. ಅವಳು ಗುರಾಣಿ ಹಿಡಿದು ನಾಲ್ಕು ಶತ್ರುಗಳ ನಡುವೆ ನಿಂತಳು. ಜೀವ ಅರ್ಧಕ್ಕೆ ಇಳಿಯಿತು. ನಾನು ಸಾಲು ನೋಡಿದೆ, ಬಟನ್ ಹುಡುಕಿದೆ, ಅಷ್ಟರಲ್ಲಿ ಕಾಲು ಭಾಗಕ್ಕೆ ಬಂತು. ಎರಡನೇ ಸಲ ಸ್ವಲ್ಪ ಬೇಗ. ಐದನೇ ಗುಂಪಿನ ಹೊತ್ತಿಗೆ ನಾನು ಸಾಲು ನೋಡುತ್ತಲೇ ಇರಲಿಲ್ಲ. ತೋರುಬೆರಳು ತಾನಾಗೇ ‘ಎಫ್’ಗೆ ಹೋಗಿತ್ತು. ಆ ಒಂದು ಕ್ಷಣಕ್ಕಾಗಿ ಇಷ್ಟೆಲ್ಲ ಹೆಜ್ಜೆ.

ಅದಾದ ಮೇಲೆ ಡೆಲ್ವ್‌ಗಳ (ಒಬ್ಬರೇ ಆಡಬಹುದಾದ ಸಣ್ಣ ಸಾಹಸಗಳ) ಕೆಳಗಿನ ಹಂತಕ್ಕೆ ಹೋಗಿ. ಅಲ್ಲೂ ಕಂಪ್ಯೂಟರ್ ಆಡಿಸುವ ಸಂಗಾತಿ ಇರುತ್ತಾರೆ: ಹಿಂದಿನ ಎಕ್ಸ್‌ಪಾನ್ಶನ್ ‘ದ ವಾರ್ ವಿದಿನ್’ನಲ್ಲಿ ಬ್ರಾನ್ ಜೊತೆಗಿದ್ದ, ಮಿಡ್‌ನೈಟ್‌ನಲ್ಲಿ ವಲೀರಾ ಇದ್ದಾಳೆ. ನಿಜವಾದ ಮನುಷ್ಯರ ಜೊತೆ ಆಡುವುದು ಆಮೇಲೆ. ಗಿಲ್ಡ್‌ನವರಿಗೆ (ಆಟದೊಳಗಿನ ನಿಮ್ಮ ಸಂಘದವರಿಗೆ) ‘ನಾನಿನ್ನೂ ಕಲಿಯುತ್ತಿದ್ದೇನೆ’ ಎಂದು ಮೊದಲೇ ಹೇಳಿ. ಒಳ್ಳೆಯ ಗಿಲ್ಡ್ ಆದರೆ ಕಾಯುತ್ತದೆ.

ಈ ಎರಡು ವಾರ ಮಾಡಬಾರದ್ದು

ಕ್ಲಾಸ್ (ಡ್ರೂಯಿಡ್‌ನಂಥ ಪಾತ್ರದ ವರ್ಗ) ಬದಲಾಯಿಸಬೇಡಿ. ಮೊದಲ ವಾರಗಳಲ್ಲಿ ಅಂಕಿಗಳನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಇವತ್ತು ದುರ್ಬಲ ಅನ್ನಿಸಿದ ಕ್ಲಾಸ್ ಮುಂದಿನ ಮಂಗಳವಾರ ಚೆನ್ನಾಗಿರಬಹುದು. ಚೀಲದಲ್ಲಿರುವ ಹಳೆಯ ಸಾಮಾನನ್ನೂ ಮಾರಬೇಡಿ. ಜಾಗ ಬೇಕಾದರೆ ಬ್ಯಾಂಕ್‌ಗೆ ಹಾಕಿ. ಒಂದೇ ಪಾತ್ರಕ್ಕೆ ಅಂಟಿಕೊಳ್ಳದ ಸಾಮಾನಾದರೆ ವಾರ್‌ಬ್ಯಾಂಡ್ ಬ್ಯಾಂಕ್‌ಗೆ ಹಾಕಿ, ನಿಮ್ಮ ಎಲ್ಲ ಪಾತ್ರಗಳಿಗೂ ಅಲ್ಲಿಂದ ಸಿಗುತ್ತದೆ. ಅಂಗಡಿಯವನಿಗೆ ತಪ್ಪಿ ಮಾರಿದರೆ ಕೊನೆಯ 12 ಸಾಮಾನುಗಳನ್ನು ಮಾತ್ರ ವಾಪಸ್ ಕೊಳ್ಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ಒಪ್ಪದಿದ್ದರೆ? ಅದೂ ತಪ್ಪಲ್ಲ. 2012ರ ನವೆಂಬರ್‌ನಲ್ಲಿ ‘ರೂನ್‌ಸ್ಕೇಪ್’ ಆಟ ತನ್ನ ಕಾಳಗದ ರೀತಿಯನ್ನೇ ಬದಲಾಯಿಸಿತು. ಬಹಳ ಆಟಗಾರರು ಒಪ್ಪಲಿಲ್ಲ. ಮೂರೇ ತಿಂಗಳಲ್ಲಿ, 2013ರ ಫೆಬ್ರವರಿಯಲ್ಲಿ, 2007ರ ಕಾಲದ ಆಟವನ್ನು ‘ಓಲ್ಡ್ ಸ್ಕೂಲ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಬೇಕಾಯಿತು. ಅದು ಇವತ್ತಿಗೂ ನಡೆಯುತ್ತಿದೆ. ವಾರ್‌ಕ್ರಾಫ್ಟ್‌ಗೂ 2019ರಿಂದ ಹಳೆಯ ಕಾಲದ ಆವೃತ್ತಿ ‘ಕ್ಲಾಸಿಕ್’ ಇದೆ, ಅದೇ ಚಂದಾದಲ್ಲಿ ಆಡಬಹುದು. ಆದರೆ ಎರಡು ವಾರ ಕೊಟ್ಟು ನೋಡಿದ ಮೇಲೆ ತೀರ್ಮಾನ ಮಾಡಿ.

ಮೂರನೇ ವಾರ ಆಡ್‌ಆನ್‌ಗಳನ್ನು ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಒಂದನ್ನು ಆನ್ ಮಾಡಿ, ಒಂದು ಡಂಜನ್ ಆಡಿ. ಎರರ್ ಇಲ್ಲದಿದ್ದರೆ ಮುಂದಿನದು. ಅರ್ಧದಷ್ಟು ಬೇಕೇ ಆಗುವುದಿಲ್ಲ, ನನಗಂತೂ ಆಗಲಿಲ್ಲ. ತಾರೀಖು ಬರೆದಿಟ್ಟ ಹಳೆಯ ಕಾಪಿ ಮಾತ್ರ ಇನ್ನೊಂದು ತಿಂಗಳು ಹಾಗೇ ಇರಲಿ.