ವಾರಗಿತ್ತಿಯರ ಆಲೆಮನೆ: ಮೂರು ಹಂಗಾಮಿನ ನನ್ನ ಅನುಭವ

ಮೂರನೆಯ ಹಂಗಾಮಿನ ಬೆಲ್ಲದ ಕೊನೆಯ ಪಾಕ ಇಳಿಸಿ, ಲೆಕ್ಕದ ಪುಸ್ತಕ ಮುಚ್ಚಿಟ್ಟ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ವಾರಗಿತ್ತಿಯರು ಒಂದೇ ಕೊಪ್ಪರಿಗೆಯ ಮುಂದೆ ಮೂರು ದಿನವೂ ನಿಲ್ಲಲಾರರು ಎಂದು ಊರಿನವರಷ್ಟೇ ಅಲ್ಲ, ನನ್ನ ಮಗನೂ ಹೇಳಿದ್ದನು. ನನಗೀಗ 65, ನನ್ನ ವಾರಗಿತ್ತಿಗೆ 61. ಈ ಹಂಗಾಮಿನಲ್ಲಿ ನಾವು 60ರ ಆಸುಪಾಸು ಪಾಕ, ಅಂದರೆ ಅಷ್ಟು ಕೊಪ್ಪರಿಗೆ ಬೆಲ್ಲ, ಇಳಿಸಿದ್ದೇವೆ, ಒಂದನ್ನೂ ಕೆಡಿಸಲಿಲ್ಲ. ಮಂಡ್ಯ ಸೀಮೆಯಲ್ಲಿ ಗಂಡಸರೇ ನಡೆಸುವ ಆಲೆಮನೆಗಳಲ್ಲಿ ಹೀಗೆ ಹೇಳಬಲ್ಲವರು ಎಷ್ಟು ಜನರಿದ್ದಾರೆಂದು ಬಲ್ಲವರೇ ಎಣಿಸಿಕೊಳ್ಳಲಿ.

ಶಾಲೆಯ ಕೆಲಸದಿಂದ ನಾನು ನಿವೃತ್ತಳಾದದ್ದು 2020ರಲ್ಲಿ. ಮರುವರ್ಷ ಯಜಮಾನರು ತೀರಿಕೊಂಡರು. ಒಂಟಿತನಕ್ಕೆ ಎಲ್ಲರೂ ಹೇಳುವ ಮದ್ದುಗಳನ್ನೆಲ್ಲ ನಾನೂ ಮಾಡಿದೆ. ಬೆಂಗಳೂರಿನ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆ, ಭಜನೆಗೆ ಹೋದೆ, ಸಂಜೆ ಹೊತ್ತು ನಡೆದೆ. ಯಾವುದೂ ನಿಲ್ಲಲಿಲ್ಲ. ಮಾತಿಗೆಂದೇ ಸೇರಿದ ಕಡೆ ನಾಲ್ಕು ದಿನಕ್ಕೆ ಮಾತು ಮುಗಿಯುತ್ತಿತ್ತು, ಆಮೇಲೆ ಅವರವರ ಸೊಸೆಯರ ದೂರು ಮಾತ್ರ ಉಳಿಯುತ್ತಿತ್ತು.

ನಮ್ಮ ಆಲೆಮನೆಯ ಕಥೆ ಬೇರೆಯೇ ಇದೆ. 2011ರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಗಾಣ ನಮಗೂ ಕೊಪ್ಪರಿಗೆ ಅವರಿಗೂ ಬಂದಿತ್ತು. ಗಾಣವಿಲ್ಲದೆ ಅವರಿಗೆ ಕಬ್ಬಿನ ಹಾಲಿಲ್ಲ, ಕೊಪ್ಪರಿಗೆಯಿಲ್ಲದೆ ನಮಗೆ ಪಾಕವಿಲ್ಲ. ಹಠದಿಂದ ಇಬ್ಬರೂ ಕಬ್ಬನ್ನು ಕಾರ್ಖಾನೆಗೆ ಸಾಗಿಸಿದೆವು, ಆಲೆಮನೆಯೊಳಗೆ ಗೆದ್ದಲು ಸೇರಿತು. ಅವಳ ಗಂಡ ನಮ್ಮ ಯಜಮಾನರಿಗಿಂತ ಮೊದಲೇ ಹೋಗಿದ್ದರು. 2022ರ ಸಂಕ್ರಾಂತಿಯ ದಿನ ನಾನು ಮೊಮ್ಮಗಳ ಕೈಯಲ್ಲಿ ಅವಳ ಮನೆಗೆ ಎಳ್ಳುಬೆಲ್ಲ ಕಳಿಸಿದೆ. ಮಗು ಖಾಲಿ ತಟ್ಟೆಯ ಜೊತೆಗೆ ಒಂದು ಮಾತನ್ನೂ ಹೊತ್ತು ಬಂತು: "ಅಂಗಡಿ ಬೆಲ್ಲ ಬೀರೋ ಕಾಲ ಬಂತಲ್ಲ ನಮ್ಮ ಮನೇಗೆ, ಅಂತ ಅಂದ್ರು ಚಿಕ್ಕಜ್ಜಿ." ಅದರಲ್ಲಿ ಕೊಂಕಿಗಿಂತ ನೋವು ಹೆಚ್ಚಿತ್ತು. 'ನಮ್ಮ ಮನೆ' ಎಂದಿದ್ದಳು ಎಂಬುದೇ ನನಗೆ ಸಾಕಾಯಿತು.

ಆಲೆಮನೆಯನ್ನು ಇಬ್ಬರೂ ಸೇರಿ ಮತ್ತೆ ನಡೆಸುವುದೆಂದಾಯಿತು. ಗಾಣದ ರಿಪೇರಿ, ಮೋಟಾರು, ಒಲೆ ಮತ್ತು ಹೊಗೆಗೂಡನ್ನು ಹೊಸದಾಗಿ ಕಟ್ಟಿಸಿದ್ದು, ಮೇಲಿನ ಶೀಟು ಎಲ್ಲ ಸೇರಿ ಎರಡೂಕಾಲು ಲಕ್ಷದಷ್ಟಾಯಿತು. ನಿವೃತ್ತಿಯ ಹಣದಿಂದ ನಾನು ಒಂದೂವರೆ ಲಕ್ಷ ಹಾಕಿದೆ, ಚೀಟಿ ಎತ್ತಿ ಅವಳು ಮುಕ್ಕಾಲು ಲಕ್ಷ ತಂದಳು. ಲಾಭ ಬಂದಾಗ ನಾನು ಹೆಚ್ಚು ಹಾಕಿದ ಹಣ ಮೊದಲು ತೀರಬೇಕು, ಆಮೇಲೆ ಸಮಪಾಲು ಎಂದು ಮೊದಲ ದಿನವೇ ಬರೆದು ಇಬ್ಬರೂ ಸಹಿ ಹಾಕಿದೆವು. ಮನೆಯವರ ನಡುವೆ ಬರಹ ಬೇಕೇ ಎಂದು ಕೇಳಿದವರಿದ್ದರು. ಹನ್ನೊಂದು ವರ್ಷದ ಜಗಳ ಹುಟ್ಟಿದ್ದೇ ಬರೆದಿಡದ ಒಂದು ಮಾತಿನಿಂದ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮೊದಲ ಹಂಗಾಮಿನ ಐದನೆಯ ಪಾಕದ ದಿನ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುದಿಯುವ ಹಾಲಿನ ಮೇಲೆ ತೇಲುವ ಮಡ್ಡಿ ತೆಗೆದಾಗಿತ್ತು, ನೊರೆ ಕೆಳಗಿಳಿದು ದಪ್ಪ ಗುಳ್ಳೆಗಳು ಏಳುತ್ತಿದ್ದವು. ಒಲೆಗೆ ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ಹಾಕುತ್ತಿದ್ದ ಆಳಿನ ಮುಂದೆ ನಾನು ನಾಲೆ ಬದಿಯ ಗದ್ದೆಯ ಪಾಲಿನ ವಿಚಾರ ಎತ್ತಿದೆ. ಹುಟ್ಟನ್ನು ಬಿಟ್ಟು ಅವಳು ನನ್ನ ಕಡೆ ತಿರುಗಿದಳು. ಇಬ್ಬರ ದನಿಯೂ ಏರಿತು. "ಅಕ್ಕಾ, ಪಾಕ ಮೀರ್ತಾ ಅದೆ!" ಎಂದು ಆಳು ಕೂಗುವ ಹೊತ್ತಿಗೆ ಸೀದ ವಾಸನೆ ಮೂಗಿಗೆ ಅಡರಿತ್ತು. ಹದ ನೋಡಲು ನೀರಿಗೆ ಬಿಟ್ಟು ಉರುಟಿದ ಪಾಕ ಉಂಡೆಯಾಗುವ ಬದಲು ಕಲ್ಲಾಗಿ, ತಟ್ಟೆಯ ಅಂಚಿಗೆ ಬಡಿದರೆ ಠಣ್ ಎಂದಿತು. ಸುಮಾರು ಒಂದು ಕ್ವಿಂಟಾಲ್ ಕರಿಬೆಲ್ಲವನ್ನು ದನದ ಮೇವಿನ ಜೊತೆಗೆ ಹಾಕುವವರಿಗೆ ಕೆಜಿಗೆ ಹದಿನೆಂಟಕ್ಕೋ ಇಪ್ಪತ್ತಕ್ಕೋ ಕೊಟ್ಟೆವು. ಇಂಥದೇ ಇನ್ನೊಂದು ಪಾಕವೂ ಸೇರಿ, ಆ ಹಂಗಾಮಿನ 18 ಪಾಕಗಳಲ್ಲಿ 45 ಸಾವಿರದಷ್ಟು ಕೈಬಿಟ್ಟಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಟ್ಟನ್ನು ನುಂಗುವುದು ನಮ್ಮಿಬ್ಬರಿಗೂ ಬಾರದು. ನುಂಗಿ ನುಂಗಿಯೇ ಹನ್ನೊಂದು ವರ್ಷ ಕಳೆದಿದ್ದೆವು. ಹಾಗೆಂದು ಬಂದ ಹೊತ್ತಿಗೆ ಆಡಿಬಿಟ್ಟರೆ ಪಾಕ ಕೆಡುತ್ತದೆ. ಬೆಳಗ್ಗೆ ಅವಳ ಮನೆಗೆ ಹೋಗಿ ಒಂದು ಕಟ್ಟಳೆ ಮುಂದಿಟ್ಟೆ, ಅವಳು ಎರಡು ಸೇರಿಸಿದಳು. ಒಲೆಗೆ ಬೆಂಕಿ ಹಚ್ಚಿದ ಗಳಿಗೆಯಿಂದ ಪಾಕ ಆರಿಸುವ ದೋಣಿಗೆ ಅದು ಬೀಳುವವರೆಗೆ ಕೆಲಸದ ಮಾತನ್ನು ಬಿಟ್ಟು ಬೇರೆ ಮಾತಿಲ್ಲ. ಅಚ್ಚಿಗೆ ತುಂಬಿ ಕೈ ತೊಳೆದ ಮೇಲೆ ಜಗಲಿಯಲ್ಲಿ ಕುಳಿತು ದಿನಕ್ಕೆ ಒಬ್ಬರು, ಒಂದೇ ಹಳೆಯ ಮಾತನ್ನು ಆಡಬಹುದು. ಕೇಳಿದವರು ಅಂದು ಉತ್ತರ ಕೊಡಬಾರದು, ಮರುದಿನ ಕೊಡಬೇಕು.

ಎರಡೂವರೆ ಮೂರು ಗಂಟೆ ಹಾಲು ಕುದಿಯುವಷ್ಟು ಹೊತ್ತು ಸಿಟ್ಟನ್ನು ಬಾಯೊಳಗೆ ಇಟ್ಟುಕೊಂಡು ಹಾಲನ್ನು ತಿಳಿಯಾಗಿಸುವ ಸುಣ್ಣದ ನೀರು, ಬೆಂಡೆಯ ಲೋಳೆ, ಮಡ್ಡಿ ಎಂದು ಓಡಾಡುತ್ತಿದ್ದರೆ, ಜಗಲಿಗೆ ಬರುವಷ್ಟರಲ್ಲಿ ಅದರ ಮೊನೆ ಮುರಿದು ಒಳಗಿನ ನೋವು ಮಾತ್ರ ಉಳಿದಿರುತ್ತಿತ್ತು. 'ನೀನು ಗದ್ದೆ ಹೊಡೆದುಕೊಂಡೆ' ಎನ್ನಬೇಕೆಂದು ಬೆಳಗ್ಗೆ ಅಂದುಕೊಂಡಿದ್ದವಳು ಸಂಜೆ 'ಅತ್ತೆಯ ಕೊನೆಗಾಲದಲ್ಲಿ ನನಗೆ ಹೇಳಿಕಳಿಸಲಿಲ್ಲ' ಎಂದು ಹೇಳಿದ್ದೇನೆ. ನನ್ನನ್ನು ಸುಡುತ್ತಿದ್ದುದು ಗದ್ದೆಯಲ್ಲ, ಇದು ಎಂಬುದು ನನಗೇ ಅಂದು ಗೊತ್ತಾಯಿತು. ಮರುದಿನ ಅವಳು ಉತ್ತರ ಕೊಟ್ಟಳು. ಆ ಉತ್ತರ ನಮ್ಮಿಬ್ಬರಲ್ಲೇ ಇರಲಿ. ಬೆಂಡೆಯ ಲೋಳೆಗೆ ನಾವು ಸೇರಿಸುವ ಇನ್ನೊಂದು ಗಿಡದ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ.

ಎರಡನೆಯ ಹಂಗಾಮಿನ ಕಷ್ಟ ಬೇರೆಯದು. 2023ರಲ್ಲಿ ಕನ್ನಂಬಾಡಿ ಅಣೆಕಟ್ಟೆ ತುಂಬಲಿಲ್ಲ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಸಾಲದೆ ಕಬ್ಬು ಒಣಗಿತು. ಹನ್ನೊಂದು ಹನ್ನೆರಡು ಪಾಕಕ್ಕೆ ಒಲೆ ಆರಿತು. ಬೆಲ್ಲ ಕೊಂಡ ಒಬ್ಬ ವ್ಯಾಪಾರಿ 28 ಸಾವಿರವನ್ನು ಇಂದಿಗೂ ಕೊಟ್ಟಿಲ್ಲ. ಆದರೆ ಆ ವರ್ಷದ ದೊಡ್ಡ ತಪ್ಪು ನನ್ನದು. ನನ್ನ ಮನೆಯಲ್ಲಿ ಇಟ್ಟಿದ್ದ ಹಿಂದಿನ ಹಂಗಾಮಿನ ಎರಡೂವರೆ ಕ್ವಿಂಟಾಲ್ ಬೆಲ್ಲ ಮಳೆಗಾಲದ ತೇವಕ್ಕೆ ನೀರೊಡೆಯಿತು, ನಾನು ಇಪ್ಪತ್ತು ದಿನ ಅದನ್ನು ಮುಚ್ಚಿಟ್ಟೆ. ಮಕ್ಕಳಿಗೆ ಲೆಕ್ಕ ಕಲಿಸಿದವಳು ನಷ್ಟವನ್ನು ಒಪ್ಪುವುದು ಹೇಗೆಂದು ಅಭಿಮಾನ ತಡೆಯಿತು. ಹುಳಿವಾಸನೆ ಹಿಡಿದು ಅವಳೇ ಕಂಡುಕೊಂಡಳು, ಅಂದು ಬಯ್ಯಲಿಲ್ಲ. ಮರುದಿನ ಸರದಿ ಬಂದಾಗ "ಬೆಲ್ಲ ಹೋದ್ರೆ ಹೋಗ್ಲಿ, ನನ್ನ ಹೊರಗಿಟ್ಯಲ್ಲ" ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ನಷ್ಟವನ್ನು ಕಂಡ ದಿನವೇ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆವು. ನಮ್ಮಂತೆಯೇ ಒಂಟಿಯಾಗಿದ್ದ ಇನ್ನು ಮೂವರು ಹೆಂಗಸರನ್ನು ಸೇರಿಸಿಕೊಂಡೆವು. ಐವರು ಕೂತ ಜಗಲಿಯಲ್ಲಿ ಮಾತು ನ್ಯಾಯಪಂಚಾಯಿತಿಯಾಗಿ, ಹದಿನೈದೇ ದಿನಕ್ಕೆ ನಿಂತಿತು. ಈಗ ಅವರು ಸೋಮವಾರದಂದು ಅಚ್ಚಿಗೆ ತುಂಬಲು ಬರುತ್ತಾರೆ, ಕೂಲಿ ಪಡೆಯುತ್ತಾರೆ, ಊಟ ಮಾಡಿ ಹಾಡು ಹೇಳಿ ಹೋಗುತ್ತಾರೆ; ಅವರ ದುಃಖಕ್ಕೆ ಅಷ್ಟು ಸಾಕಾಗುತ್ತದೆ. ಶುಂಠಿ ಏಲಕ್ಕಿಯ ಬೆಲ್ಲ ಚೆನ್ನಾಗಿ ಹೋಯಿತು, ಮೆಣಸಿನದು ಹೋಗಲಿಲ್ಲ. ಉಷ್ಣಮಾಪಕ ತಂದು 118 ಡಿಗ್ರಿಗೆ ಇಳಿಸಿ ನೋಡಿದೆ. ಅವಳು ಅದರ ಕಡೆ ನೋಡದೆ, ಬೆರಳಲ್ಲಿ ಉರುಟಿ "ಇಳಿಸು" ಎಂದ ಗಳಿಗೆಗೂ ಮುಳ್ಳು ಅಲ್ಲಿಗೆ ಬಂದ ಗಳಿಗೆಗೂ ಅರ್ಧ ನಿಮಿಷದ ಅಂತರವೂ ಇರಲಿಲ್ಲ. ಮೂವತ್ತೇಳು ವರ್ಷ ಪಾಠ ಹೇಳಿದ ನನಗೆ ಇನ್ನೊಬ್ಬರ ಕೈಗುಣ ಕಂಡು ಅಷ್ಟು ಸಂತೋಷವಾದದ್ದು ಅಪರೂಪ.

2024ರ ಜುಲೈಯಲ್ಲಿ ಅಣೆಕಟ್ಟೆ ತುಂಬಿತು, ಕಬ್ಬು ಸಿಕ್ಕಿತು. ಟನ್ನಿಗೆ ಮೂರು ಸಾವಿರದಂತೆ ಕೊಂಡು, ಟನ್ನಿಗೊಂದು ಪಾಕದಂತೆ ಇಳಿಸಿ, ಪಾಕಕ್ಕೆ ನೂರು ಕೆಜಿಯ ಆಸುಪಾಸು ಬೆಲ್ಲ ತೆಗೆದೆವು. ಬಣ್ಣಕ್ಕೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕದ ಕಂದುಬೆಲ್ಲಕ್ಕೆ ಮಂಡಿಯಲ್ಲಿ ಬೆಲೆಯಿಲ್ಲವೆಂದು ಎಲ್ಲರೂ ಹೆದರಿಸಿದ್ದರು. ಮೈಸೂರು, ಬೆಂಗಳೂರಿನ ಮನೆಗಳಿಗೆ ನೇರವಾಗಿ ಕೊಟ್ಟು ಕೆಜಿಗೆ 75ರಿಂದ 80 ಪಡೆದೆವು. ಖರ್ಚೆಲ್ಲ ಕಳೆದು ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಉಳಿಯಿತು. ಬರಹದಂತೆ ನಾನು ಹೆಚ್ಚು ಹಾಕಿದ್ದ ಹಣ ಮೊದಲು ತೀರಿತು, ಮಿಕ್ಕದ್ದು ಎರಡು ಪಾಲಾಯಿತು.

ಯಜಮಾನರ ನೆನಪು ಈಗಲೂ ಬರುತ್ತದೆ, ಹೆಚ್ಚಾಗಿ ಗಾಣ ತಿರುಗಲು ಶುರುವಾದ ಸದ್ದಿಗೆ. ಮೊದಲೆಲ್ಲ ಕಣ್ಣೊರೆಸಿಕೊಳ್ಳಲು ಕಬ್ಬಿನ ರಾಶಿಯ ಹಿಂದೆ ಹೋಗುತ್ತಿದ್ದೆ. ಈಗ ಅವಳು ನನ್ನ ಕೈಯಿಂದ ಹುಟ್ಟನ್ನು ತೆಗೆದುಕೊಳ್ಳುತ್ತಾಳೆ, ನಾನು ನಿಂತಲ್ಲೇ ಅತ್ತು ಮತ್ತೆ ಹುಟ್ಟು ಹಿಡಿಯುತ್ತೇನೆ. ಬೆಂಕಿ ಉರಿಯುತ್ತಿರುವುದರಿಂದ ಮಾತಿಲ್ಲ.

ಕೊಪ್ಪರಿಗೆಯ ತಳ ಸವೆದಿದೆ, ಮುಂದಿನ ಹಂಗಾಮಿಗೆ ಮೊದಲು ಬದಲಿಸಬೇಕು. 35 ಸಾವಿರವಾದರೂ ಬೇಕಾಗಬಹುದು. ಕೊಪ್ಪರಿಗೆ ಅವರ ಪಾಲಿನದು. ಖರ್ಚನ್ನು ಅರ್ಧರ್ಧ ಎಂದು ನಿನ್ನೆ ಬರೆದುಕೊಂಡಿದ್ದೇವೆ.